ದೋಣಿ ಚಿಕ್ಕದಾದರೂ ನೀರು ಚಿಕ್ಕದಾಗದು



ಬೇಸಿಗೆ ರಜೆಯಲ್ಲಿ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಮರದ ದೋಣಿ ಮಾಡಬೇಕೆಂದು ಹಟ ಹಿಡಿಯಬಹುದು. ಷೋಕೇಸಿನಲ್ಲಿ ಇಡುವ ದೋಣಿಯಲ್ಲ, ಕೆರೆಯಲ್ಲೋ ಕಾಲುವೆಯಲ್ಲೋ ನಿಜವಾಗಿ ಓಡುವ ದೋಣಿ. ದೊಡ್ಡ ದೋಣಿಯ ಅಳತೆ ಹಿಡಿದು, ಎಲ್ಲವನ್ನೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಆಯಿತಲ್ಲ ಎಂದು ನಮಗೆ ಅನ್ನಿಸುತ್ತದೆ. ಆದರೆ ಹಾಗೆ ಅಚ್ಚುಕಟ್ಟಾಗಿ ಇಳಿಸಿದ ಹಾಯಿದೋಣಿ ಒಂದು ಸಣ್ಣ ಗಾಳಿಗೇ ಮಗುಚಿಕೊಳ್ಳುತ್ತದೆ. ಪಕ್ಕದ ಮನೆಯ ಹುಡುಗ ತಳಕ್ಕೆ ಸೀಸದ ತುಂಡು ಬಿಗಿದು, ಅಷ್ಟೇನೂ ಚೆಂದವಿಲ್ಲದೆ ಮಾಡಿದ ದೋಣಿ ಆಚೆ ದಡ ಸೇರುತ್ತದೆ. ಇವೆರಡರಲ್ಲಿ ದೊಡ್ಡ ದೋಣಿಯ ನಿಜವಾದ ಪ್ರತಿರೂಪ ಯಾವುದು?

ಇದು ಮಕ್ಕಳಾಟದ ಪ್ರಶ್ನೆಯೆಂದು ತಳ್ಳಿಹಾಕಬೇಡಿ. ಹಿರಿಯರಿಂದ ಬಂದದ್ದನ್ನು ನಮ್ಮ ಸಣ್ಣ ಬದುಕಿನಲ್ಲಿ ಉಳಿಸಿಕೊಳ್ಳುವುದು ಹೇಗೆ, ನಮ್ಮಲ್ಲಿರುವ ಒಳ್ಳೆಯದನ್ನು ಮಕ್ಕಳಿಗೆ ದಾಟಿಸುವುದು ಹೇಗೆ ಎಂಬ ಪ್ರಶ್ನೆಯೂ ಇದೇ. ಆದ್ದರಿಂದ ಮೊದಲು ದೋಣಿಯನ್ನು ಸರಿಯಾಗಿ ನೋಡೋಣ.

ತಿರುಗುತ್ತಾ ದಾಟುವ ದೋಣಿ

ತುಂಗಭದ್ರೆಯ ಒಂದು ದಡದಲ್ಲಿ ಹಂಪಿ. ಎದುರಿಗೆ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ. ಗಡ್ಡೆ ಎಂದರೆ ನದಿಯ ನಡುವಿನ ನೆಲವೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಜನರನ್ನು ದಾಟಿಸಿದ ಹಳೆಯ ವಾಹನವೆಂದರೆ ಹರಿಗೋಲು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿಗಳು; ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು; ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು; ಹುಟ್ಟು ಹಾಕಿದರೆ ನೇರವಾಗಿ ಹೋಗದೆ ಸುತ್ತ ತಿರುಗುತ್ತಲೇ ಇರುತ್ತವೆ ಎಂಬುದು ಅವನ ವರ್ಣನೆಯ ಸಾರಾಂಶ.

ಸಾಗರ ದಾಟಿ ಬಂದವನ ಕಣ್ಣಿಗೆ ಅದು ದೋಣಿಯಂತೆಯೇ ಕಂಡಿರಲಿಕ್ಕಿಲ್ಲ. ಮೂತಿಯಿಲ್ಲ, ಬಾಲವಿಲ್ಲ, ತಳದಲ್ಲಿ ದಿಂಡಿಲ್ಲ. ಆದರೆ ಬಂಡೆಗಳೇ ತುಂಬಿದ ಈ ನದಿಗೆ ಅದಕ್ಕಿಂತ ಒಪ್ಪುವ ದೋಣಿ ಬೇರೊಂದಿಲ್ಲ. ತಳ ಚಪ್ಪಟೆಯಾದ್ದರಿಂದ ಗೇಣುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಒಡೆಯದೆ ಬಾಗಿ ತಿರುಗಿಕೊಳ್ಳುತ್ತದೆ. ಕೆಲಸ ಮುಗಿದರೆ ಬೆನ್ನ ಮೇಲೆ ಹೊತ್ತು ದಡಕ್ಕೆ ತರಬಹುದು. ಇಂದು ಬೆತ್ತದ ಬದಲು ಬಿದಿರು ಬಂದಿದೆ, ತೊಗಲಿನ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಆದರೂ ಅದನ್ನು ಹರಿಗೋಲು ಅಲ್ಲವೆಂದು ಯಾರೂ ಹೇಳುವುದಿಲ್ಲ. ಚರ್ಮ ಬದಲಾದರೂ ನದಿಯೊಡನೆ ಅದರ ಸಂಬಂಧ ಬದಲಾಗಲಿಲ್ಲ.

ಕುಗ್ಗದ ಗಾಳಿ

ಈಗ ಅಳತೆಯ ಲೆಕ್ಕಕ್ಕೆ ಬರೋಣ. 20 ಅಡಿ ಉದ್ದದ, ಜನ ಸಾಮಾನು ಸೇರಿ 2,000 ಕಿಲೋ ತೂಗುವ ಒಂದು ಹಾಯಿದೋಣಿ ಇದೆಯೆಂದು ಭಾವಿಸಿ. ಅದನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಉದ್ದ 2 ಅಡಿ. ತೂಕ ಎಷ್ಟಿರಬೇಕು? 200 ಕಿಲೋ ಎಂದು ಅವಸರದಲ್ಲಿ ಹೇಳಿಬಿಡುತ್ತೇವೆ. ಆದರೆ ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟು ಕಡಿಮೆಯಾದ್ದರಿಂದ ದೋಣಿ ಸರಿಸುವ ನೀರು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಆರ್ಕಿಮಿಡೀಸನ ನಿಯಮದಂತೆ ತೇಲುವ ವಸ್ತುವಿನ ತೂಕ ಅದು ಸರಿಸಿದ ನೀರಿನ ತೂಕಕ್ಕೆ ಸಮ. ಹಾಗಾಗಿ ಪುಟ್ಟ ದೋಣಿಯ ತೂಕ 2 ಕಿಲೋ ಮಾತ್ರ ಇರಬೇಕು.

ಗಾಳಿಯ ಲೆಕ್ಕ ಇನ್ನೂ ಕಠಿಣ. ದೋಣಿಯನ್ನು ಮಗುಚಲು ಗಾಳಿ ಹಾಕುವ ಬಲಕ್ಕೂ, ಮತ್ತೆ ನೆಟ್ಟಗಾಗಲು ದೋಣಿಗೆ ಇರುವ ಬಲಕ್ಕೂ ಯಾವಾಗಲೂ ಜಗ್ಗಾಟ. ಹತ್ತು ಪಟ್ಟು ಇಳಿಸಿದಾಗ ಗಾಳಿಯ ಮಗುಚುವ ಬಲ ಸಾವಿರ ಪಟ್ಟು ಕಡಿಮೆಯಾಗುತ್ತದೆ. ನೆಟ್ಟಗಾಗುವ ಬಲವೋ ಹತ್ತು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಅಂದರೆ ಬೀಸುವ ಗಾಳಿ ಅದೇ ಆಗಿದ್ದರೂ ಪುಟ್ಟ ದೋಣಿಗೆ ಅದು ಹತ್ತು ಪಟ್ಟು ಭಾರ. ದೊಡ್ಡ ದೋಣಿಯ ಮಗ್ಗುಲನ್ನು ಸವರಿ ಹೋಗುವ ಅಲೆ ಪುಟ್ಟ ದೋಣಿಯ ಅಂಚನ್ನು ಹತ್ತಿ ಒಳಗೆ ಬೀಳುತ್ತದೆ. ನಾವು ದೋಣಿಯನ್ನು ಕುಗ್ಗಿಸಿದೆವು. ಗಾಳಿಯನ್ನಾಗಲಿ ನೀರನ್ನಾಗಲಿ ಕುಗ್ಗಿಸಲು ನಮ್ಮಿಂದ ಆಗಲಿಲ್ಲ.

ವೇಗದ ಮಾತೂ ಹೀಗೆಯೇ. ಇಂಗ್ಲೆಂಡಿನ ವಿಲಿಯಂ ಫ್ರೌಡ್ ಎಂಬ ಎಂಜಿನಿಯರ್ 1867ರಲ್ಲಿ ಡಾರ್ಟ್ ನದಿಯಲ್ಲಿ ಪುಟ್ಟ ಮಾದರಿ ಹಡಗುಗಳನ್ನು ಎಳೆದು ಪರೀಕ್ಷಿಸಿದರು. ಆಮೇಲೆ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿಯನ್ನೇ ಕಟ್ಟಿಸಿ, ಮೇಣದ ಮಾದರಿಗಳಿಂದ ದೊಡ್ಡ ಹಡಗಿನ ನಡತೆಯನ್ನು ಮುಂಚಿತವಾಗಿ ತಿಳಿಯುವ ನಿಯಮವನ್ನು ನೆಲೆಗೊಳಿಸಿದರು. ಆ ನಿಯಮದ ಪ್ರಕಾರ ಗಂಟೆಗೆ 10 ಕಿಲೋಮೀಟರ್ ಓಡುವ ದೋಣಿಯ ಹತ್ತನೇ ಒಂದು ಪಾಲಿನ ಮಾದರಿ ಸುಮಾರು 3.2 ಕಿಲೋಮೀಟರ್ ವೇಗದಲ್ಲಿ ಓಡಿದಾಗ ಮಾತ್ರ ದೊಡ್ಡ ದೋಣಿ ಎಬ್ಬಿಸುವಂಥದೇ ಅಲೆಯನ್ನು ಎಬ್ಬಿಸುತ್ತದೆ. ಅದಕ್ಕಿಂತ ಹೆಚ್ಚು ಓಡಿಸಿದರೆ ಅದರ ನಡತೆ ದೊಡ್ಡ ದೋಣಿಯ ನಡತೆಯಾಗಿ ಉಳಿಯುವುದಿಲ್ಲ. ಈ ಫ್ರೌಡ್ 2019ರಲ್ಲಿ ಸಂತಪದವಿಗೇರಿದ ಜಾನ್ ಹೆನ್ರಿ ನ್ಯೂಮನ್‌ರ ಆಪ್ತ ಸ್ನೇಹಿತರು. ಸತ್ಯವನ್ನು ನಿಶ್ಚಯವಾಗಿ ತಿಳಿಯಲು ಸಾಧ್ಯವೇ ಎಂದು ಇಬ್ಬರೂ ವರ್ಷಗಟ್ಟಲೆ ಪತ್ರದಲ್ಲಿ ವಾದಿಸಿದರು. ಫ್ರೌಡ್‌ರ ಪತ್ನಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಅವರು ಕೊನೆಯವರೆಗೂ ಸೇರಲಿಲ್ಲ. ಆದರೂ ಸ್ನೇಹ ಮುರಿಯಲಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬದೆ ನೀರಿಗೆ ಬಿಟ್ಟು ನೋಡುವವರ ಸ್ವಭಾವ ಅದು.

ಕಿನ್ನಾಳದ ಗೊಂಬೆ, ಕೆರೆಯ ದೋಣಿ

ಹಾಗಾದರೆ ನೀರಿಗಿಳಿಯುವ ದೋಣಿ ಮಾಡುವವನು ಏನು ಮಾಡಬೇಕು? ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಕೆತ್ತುವ ಗೊಂಬೆಗಳು ಹೆಸರುವಾಸಿ. ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಕಿಟ್ಟ ಮಾಡಿ, ಗೊಂಬೆಗೆ ಮೈ ತುಂಬಿ, ಮೇಲೆ ಹೊಳೆಯುವ ಬಣ್ಣ ಕೊಡುತ್ತಾರೆ. ಜಗಲಿಯ ಮೇಲೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ಅದೇ ಅಂಟಿನಲ್ಲಿ ದೋಣಿ ಕೂಡಿಸಿ ಕೆರೆಗೆ ಬಿಟ್ಟರೆ ಹುಣಸೆಬೀಜದ ಅಂಟು ನೀರಿಗೆ ಮೆತ್ತಗಾಗಿ ಹಲಗೆಗಳು ಬಿಟ್ಟುಕೊಳ್ಳುತ್ತವೆ. ಅಂಟು ಕೆಟ್ಟದ್ದೆಂದು ಇದರ ಅರ್ಥವಲ್ಲ. ಗೊಂಬೆ ಉತ್ತರ ಕೊಡಬೇಕಾದ್ದು ಕಣ್ಣಿಗೆ, ದೋಣಿ ಉತ್ತರ ಕೊಡಬೇಕಾದ್ದು ನೀರಿಗೆ.

ಆದ್ದರಿಂದ ದೋಣಿಗೆ ನೀರು ತಡೆಯುವ ಎಪಾಕ್ಸಿಯಂಥ ಅಂಟು ಬೇಕು. ಹೊರಮೈಗೆ ಮಾತ್ರವಲ್ಲ, ಯಾರಿಗೂ ಕಾಣದ ಒಳಮೈಗೂ ಬಣ್ಣವನ್ನೋ ವಾರ್ನಿಷನ್ನೋ ಬಳಿಯಬೇಕು. ಇಲ್ಲದಿದ್ದರೆ ಒಳಗೆ ಸಿಡಿದ ನೀರನ್ನು ಮರ ಹೀರಿಕೊಂಡು ದಿನದಿನಕ್ಕೆ ಭಾರವಾಗುತ್ತದೆ. ಮೇಲಿನ ಕೋಣೆ, ಕಂಬ, ಹಾಯಿ ಎಲ್ಲವೂ ಆದಷ್ಟು ಹಗುರವಾಗಿರಬೇಕು, ತೂಕವೆಲ್ಲ ತಳದಲ್ಲಿರಬೇಕು. ಹಾಯಿದೋಣಿಯಾದರೆ ತಳದ ದಿಂಡನ್ನು ಮೂಲಕ್ಕಿಂತ ಆಳವಾಗಿ ಇಳಿಸಿ, ಅದರ ತುದಿಗೆ ಸೀಸ ಕಟ್ಟಬೇಕು. ಕೆರೆಗೆ ಒಯ್ಯುವ ಮೊದಲು ಮನೆಯ ನೀರಿನ ತೊಟ್ಟಿಯಲ್ಲಿ ಬಿಟ್ಟು, ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ವಾಲದಂತೆ ತೂಕವನ್ನು ಸರಿಸಿ ನೋಡಬೇಕು. ತೂಕ ಹೆಚ್ಚಾದರೆ ಒಳ್ಳೆಯದೇ ಎಂದೂ ತಿಳಿಯಬಾರದು. ಭಾರ ಮಿತಿಮೀರಿದರೆ ಅಂಚು ನೀರಿನ ಮಟ್ಟಕ್ಕೆ ಇಳಿದು, ಒಂದು ಸಣ್ಣ ಅಲೆಗೇ ದೋಣಿ ತುಂಬಿಕೊಳ್ಳುತ್ತದೆ.

ಇದು ಮೋಸವಲ್ಲವೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಮೂಲದಲ್ಲಿ ಇಲ್ಲದ ಸೀಸವನ್ನು ಬಚ್ಚಿಟ್ಟು, ದಿಂಡನ್ನು ಉದ್ದಮಾಡಿ, ಇದು ಆ ದೋಣಿಯ ಪ್ರತಿರೂಪ ಎಂದರೆ ಸುಳ್ಳಾಗುವುದಿಲ್ಲವೇ?

ಪ್ರತಿರೂಪ ಎಂದರೇನು ಎಂಬುದನ್ನು ಸಂತ ಥಾಮಸ್ ಅಕ್ವಿನಾಸ್‌ರು ತಮ್ಮ ‘ಸುಮ್ಮಾ ಥಿಯೊಲಾಜಿಯೆ’ಯಲ್ಲಿ ವಿಚಾರಿಸಿದ್ದಾರೆ. ಸಂತ ಅಗಸ್ತೀನರ ಒಂದು ಉದಾಹರಣೆಯನ್ನು ಅವರು ಎತ್ತಿಕೊಳ್ಳುತ್ತಾರೆ. ಒಂದು ಮೊಟ್ಟೆ ಇನ್ನೊಂದು ಮೊಟ್ಟೆಯಂತೆ ಎಷ್ಟೇ ಕಂಡರೂ ಅದರ ಪ್ರತಿರೂಪವಲ್ಲ. ಏಕೆಂದರೆ ಅದು ಇದರಿಂದ ಮೂಡಿದ್ದಲ್ಲ. ಹೋಲಿಕೆ ಮಾತ್ರ ಸಾಲದು, ಮೂಲದಿಂದ ಪಡೆದದ್ದಾಗಿರಬೇಕು. ಇನ್ನೊಂದು ಕಡೆ, ಪ್ರತಿರೂಪ ಮೂಲಕ್ಕೆ ಸರಿಸಮವಾಗಿರಬೇಕೆಂಬ ನಿಯಮವೂ ಇಲ್ಲ ಎನ್ನುತ್ತಾರೆ. ಕಡಿಮೆಯಾಗಿದ್ದೂ ಅದು ನಿಜವಾದ ಪ್ರತಿರೂಪವಾಗಿರಬಹುದು. ಮನುಷ್ಯ ದೇವರ ಪ್ರತಿರೂಪ ಎಂದು ನಾವು ಹೇಳಲು ಸಾಧ್ಯವಾಗುವುದು ಇದೇ ಕಾರಣಕ್ಕೆ.

ಈ ವಿಚಾರವನ್ನು ದೋಣಿಗೆ ಅನ್ವಯಿಸಿದರೆ ನನಗೆ ತೋರುವುದಿಷ್ಟು. ತೇಲುವುದು, ನೆಟ್ಟಗಿರುವುದು, ದಾಟಿಸುವುದು ದೋಣಿಯ ಪ್ರಾಣ. ಆ ಪ್ರಾಣವನ್ನು ಮೂಲದಿಂದ ಪಡೆದು ಉಳಿಸಲು ಹೊರರೂಪದಲ್ಲಿ ಮಾಡುವ ಬದಲಾವಣೆ ನಿಷ್ಠೆಯೇ. ಹೊರರೂಪವನ್ನು ಉಳಿಸಲು ಪ್ರಾಣವನ್ನೇ ಬಿಟ್ಟುಕೊಟ್ಟರೆ ಅದು ದ್ರೋಹ.

ಆದರೆ ಇದನ್ನು ಸುಲಭವಾಗಿ ಒಪ್ಪಿಬಿಡಬಾರದು. ತನಗೆ ಬೇಡವಾದದ್ದನ್ನೆಲ್ಲ ಕಿತ್ತೆಸೆದು “ಕಾಲಕ್ಕೆ ತಕ್ಕಂತೆ ಬದಲಾಯಿಸಿದೆ” ಎನ್ನುವವನೂ ಇದೇ ಮಾತನ್ನು ಆಡುತ್ತಾನೆ. ಆದ್ದರಿಂದ ಎರಡು ಒರೆಗಲ್ಲು ಬೇಕು. ಮೊದಲನೆಯದು, ಬದಲಾವಣೆಯಿಂದ ಕೆಲಸ ಹೆಚ್ಚಾಯಿತೋ ಕಡಿಮೆಯಾಯಿತೋ? ಸೀಸ ಕಟ್ಟುವವನಿಗೆ ಕೆಲಸ ಹೆಚ್ಚು. ಒಳಮೈಗೆ ಬಣ್ಣ ಬಳಿಯದೆ ಬಿಡುವವನಿಗೆ ಕಡಿಮೆ. ಎರಡನೆಯದು, ಮಾಡಿದ ಬದಲಾವಣೆಯನ್ನು ಬಾಯಿಬಿಟ್ಟು ಹೇಳಬಲ್ಲೆವೋ? “ಇದು ಓಡಲೆಂದು ದಿಂಡನ್ನು ಆಳ ಮಾಡಿದ್ದೇನೆ” ಎಂದು ಹೇಳಿ ಕೊಡುವುದರಲ್ಲಿ ಮೋಸವಿಲ್ಲ. ಕೇಳಿದಾಗ ಮುಚ್ಚಿಡಬೇಕೆನಿಸಿದರೆ ಅಲ್ಲಿ ಏನೋ ತಪ್ಪಿದೆ.

ಕಣ್ಣಿಗಾಗಿ ನೀರನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ ದೇಶದ ವಾಸಾ ಹಡಗು ಸಾಕ್ಷಿ. ಎರಡು ಅಂತಸ್ತು ಫಿರಂಗಿ, ಮೈತುಂಬ ಕೆತ್ತನೆ. ಹೊರಡುವ ಮುಂಚೆ ಮೂವತ್ತು ಜನರನ್ನು ಹಡಗಿನ ಮೇಲೆ ಆ ಮಗ್ಗುಲಿಂದ ಈ ಮಗ್ಗುಲಿಗೆ ಓಡಿಸಿ ನೋಡಿದರು. ಹಡಗು ಎಷ್ಟು ಓಲಾಡಿತೆಂದರೆ ಪರೀಕ್ಷೆಯನ್ನೇ ಅರ್ಧಕ್ಕೆ ನಿಲ್ಲಿಸಿದರು. ಹಡಗಿಗಾಗಿ ರಾಜ ಅವಸರಪಡಿಸುತ್ತಿದ್ದ, ಯಾರೂ ತಡೆಯಲಿಲ್ಲ. 1628ರ ಆಗಸ್ಟ್ 10ರಂದು ಮೊದಲ ಪಯಣದಲ್ಲೇ, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ, ಬಂದರಿನೊಳಗೇ ಮುಳುಗಿತು. 1961ರಲ್ಲಿ ಮೇಲೆತ್ತಿದ ಆ ಹಡಗು ಇಂದು ಸ್ಟಾಕ್‌ಹೋಮ್‌ನ ಸಂಗ್ರಹಾಲಯದಲ್ಲಿದೆ. ಅದರ ಹತ್ತನೇ ಒಂದು ಪಾಲಿನ ಸುಂದರ ಮಾದರಿಯೂ ಅಲ್ಲಿದೆ. ಮಾದರಿಗೆ ನೀರಿನ ಭಯವಿಲ್ಲ. ಮೂಲಕ್ಕೆ ಇತ್ತು, ಆದರೆ ಹೇಳುವವರಿರಲಿಲ್ಲ.

ಮನೆಯೊಳಗಿನ ಅಳತೆ

ಈಗ ನಿಮ್ಮ ಮನೆಯತ್ತ ನೋಡಿ. ಮಕ್ಕಳನ್ನು ನಾವು ದೊಡ್ಡವರ ಸಣ್ಣ ಪಡಿಯಚ್ಚೆಂದು ಭಾವಿಸುತ್ತೇವೆ. ಅಪ್ಪನ ಶಿಸ್ತನ್ನು ಅರ್ಧಕ್ಕೆ ಇಳಿಸಿದರೆ ಮಗನದು, ಅಮ್ಮನ ತಾಳ್ಮೆಯನ್ನು ಅರ್ಧಕ್ಕೆ ಇಳಿಸಿದರೆ ಮಗಳದು ಎಂಬ ಲೆಕ್ಕ. ಆದರೆ ಅವರ ಮೇಲೆ ಬೀಸುವ ಗಾಳಿ ಅರ್ಧ ಬೀಸುವುದಿಲ್ಲ. ಗೆಳತಿ ಮಾತು ಬಿಟ್ಟಳೆಂದು ಹತ್ತು ವರ್ಷದ ಹುಡುಗಿ ಊಟ ಬಿಟ್ಟರೆ “ಅಷ್ಟಕ್ಕೇಕೆ ಅಳುತ್ತೀ” ಎನ್ನುತ್ತೇವೆ. ತರಗತಿಯಲ್ಲಿ ಎಲ್ಲರೆದುರು ಬೈಸಿಕೊಂಡ ಹುಡುಗ ಶಾಲೆಗೆ ಹೋಗುವುದಿಲ್ಲವೆಂದರೆ ಗದರಿಸುತ್ತೇವೆ. ನಮ್ಮ ದೊಡ್ಡ ದೋಣಿಗೆ ಅದು ಸಣ್ಣ ಅಲೆ, ನಿಜ. ಆದರೆ ಅಲೆಯ ಎತ್ತರವನ್ನು ನಮ್ಮ ಅಂಚಿನಿಂದ ಅಳೆಯಬಾರದು, ಅವರ ಅಂಚಿನಿಂದ ಅಳೆಯಬೇಕು. ನಮ್ಮ ವೇಗದಲ್ಲಿ ಅವರನ್ನು ಓಡಿಸಿದರೆ ಏನಾಗುತ್ತದೆಂದು ಫ್ರೌಡ್‌ರ ಲೆಕ್ಕವೇ ಹೇಳಿದೆ.

ಮಕ್ಕಳಿಗೆ ಬೇಕಾದ್ದು ತಳದ ಭಾರ. ದಿನವೂ ಒಂದೇ ಹೊತ್ತಿಗೆ ಒಟ್ಟಿಗೆ ಕೂತು ಉಣ್ಣುವುದು, ಕೊಟ್ಟ ಮಾತನ್ನು ಅಪ್ಪ ಅಮ್ಮ ನಡೆಸುವುದು, ರಾತ್ರಿ ಮಲಗುವ ಮುನ್ನ ಎರಡು ನಿಮಿಷ ಪ್ರಾರ್ಥನೆ. ಇವು ಹೊರಗಿನವರಿಗೆ ಕಾಣುವುದಿಲ್ಲ, ಬಹುಮಾನ ತರುವುದಿಲ್ಲ. ಬಹುಮಾನ, ಅಂಕ, ವೇದಿಕೆ ಎಲ್ಲವೂ ಮೇಲಿನ ಕಂಬದ ತೂಕ. ತಳ ಹಗುರವಾಗಿರುವಾಗ ಅದನ್ನು ಏರಿಸಿದಷ್ಟೂ ಅಪಾಯ. ಹಾಗೆಂದು ತಳದ ಭಾರವನ್ನೂ ಅಂಚು ಮುಳುಗುವಷ್ಟು ಹೇರಬಾರದು. ನಿಯಮಗಳೇ ತುಂಬಿಹೋದ ಮನೆಯಲ್ಲಿ ಮಗು ಉಸಿರಾಡಲು ಒಂದಿಷ್ಟು ಅಂಚು ಉಳಿದಿರಲಿ.

ಹಿರಿಯರಿಗೆ ನಿಷ್ಠರಾಗಿರುವ ಮಾತೂ ಇಷ್ಟೆ. ಹಳ್ಳಿಯ ತೊಟ್ಟಿಮನೆಯಲ್ಲಿ ಅಜ್ಜಿ ಹಬ್ಬಕ್ಕೆ ಇಪ್ಪತ್ತು ಜನಕ್ಕೆ ಉಣಬಡಿಸುತ್ತಿದ್ದರು. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಮೊಮ್ಮಗಳಿಗೆ ಅದು ಆಗುವುದಿಲ್ಲ. ಅಜ್ಜಿಯ ಹಿತ್ತಾಳೆ ಹಂಡೆಯನ್ನು ಹಾಲಿನಲ್ಲಿ ಅಲಂಕಾರಕ್ಕೆ ಇಟ್ಟು, ಬಾಗಿಲಿಗೆ ಬಂದ ಕೊರಿಯರ್ ಹುಡುಗನಿಗೆ ಒಂದು ಲೋಟ ನೀರು ಕೊಡದಿದ್ದರೆ ಆಕೆ ಉಳಿಸಿಕೊಂಡದ್ದು ಹಂಡೆಯನ್ನು ಮಾತ್ರ. ಹಂಡೆ ಇಲ್ಲದೆಯೂ ಆ ಲೋಟ ನೀರು ಕೊಟ್ಟರೆ ಅಜ್ಜಿಯ ಮನೆ ಸಣ್ಣ ಅಳತೆಯಲ್ಲಿ ಅಲ್ಲಿ ನಡೆಯುತ್ತಿದೆ.

ವಿರೂಪಾಪುರಗಡ್ಡೆಯ ಅಂಬಿಗರನ್ನೂ ನೆನೆಯಿರಿ. ಅವರ ವಿದ್ಯೆಯಲ್ಲಿ ದೊಡ್ಡದು ಹುಟ್ಟು ಹಾಕುವುದಲ್ಲ, ಯಾವ ದಿನ ಹಾಕಬಾರದು ಎಂದು ತಿಳಿಯುವುದು. ಅಣೆಕಟ್ಟಿನಿಂದ ನೀರು ಬಿಟ್ಟ ದಿನ ದಾಟುವುದು ನಿಲ್ಲುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಗಡ್ಡೆಯ ಮೇಲೆ ನೂರಾರು ಪ್ರವಾಸಿಗರು ಸಿಲುಕಿ, ಅವರನ್ನು ಹೊರತರಲು ಹೆಲಿಕಾಪ್ಟರ್ ಬರಬೇಕಾಯಿತು. ಅಂಥ ಅಂಬಿಗನ ಮಗನೊಬ್ಬ ಹರಿಗೋಲನ್ನು ಬಿಟ್ಟು ಗಂಗಾವತಿಯಲ್ಲಿ ಆಟೋ ಓಡಿಸುತ್ತಿದ್ದಾನೆಂದು ಭಾವಿಸಿ. ಶಾಲೆಯ ಹೊತ್ತಿಗೆ ಹದಿನೈದು ಮಕ್ಕಳನ್ನು ತುಂಬಲು ಆತ ಒಪ್ಪುವುದಿಲ್ಲ. “ಇಷ್ಟೇ ಜನ, ಉಳಿದವರಿಗೆ ಇನ್ನೊಂದು ಟ್ರಿಪ್ಪು” ಎನ್ನುತ್ತಾನೆ. ಅವನ ಕೈಯಲ್ಲಿ ಹುಟ್ಟಿಲ್ಲ, ಆದರೆ ಅಪ್ಪನ ವಿದ್ಯೆ ಇದೆ. ಮನೆಯ ಮುಂದೆ ಹಳೆಯ ಹರಿಗೋಲನ್ನು ಬಣ್ಣ ಬಳಿದು ನಿಲ್ಲಿಸಿ, ಆಟೋದಲ್ಲಿ ಮಕ್ಕಳನ್ನು ತುರುಕುವವನಿಗೆ ಹರಿಗೋಲು ಮಾತ್ರ ಇದೆ.

ಎರಡು ತೇವಾ

ಪವಿತ್ರ ಗ್ರಂಥದಲ್ಲಿಯೂ ಒಂದು ದೊಡ್ಡ ದೋಣಿ, ಒಂದು ಚಿಕ್ಕ ದೋಣಿ ಇದೆ. ನೋಹನ ನಾವೆಯನ್ನು ಹಿಬ್ರೂ ಭಾಷೆಯಲ್ಲಿ ‘ತೇವಾ’ ಎನ್ನುತ್ತಾರೆ. ಆ ಪದ ಮತ್ತೆ ಬರುವುದು ಒಂದೇ ಕಡೆ: ಮೋಶೆಯ ತಾಯಿ ಮೂರು ತಿಂಗಳ ಕೂಸನ್ನು ಮಲಗಿಸಿ ನೈಲ್ ನದಿಯಲ್ಲಿ ಬಿಟ್ಟ ಆಪುಹುಲ್ಲಿನ ಬುಟ್ಟಿಗೆ. ನೋಹನ ತೇವಾ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ, ಮೂರು ಅಂತಸ್ತು. ತಾಯಿಯ ತೇವಾಕ್ಕೆ ಅಂತಸ್ತಿಲ್ಲ, ಕಿಟಕಿಯಿಲ್ಲ, ಅಳತೆಯನ್ನೂ ಯಾರೂ ಬರೆದಿಡಲಿಲ್ಲ. ಎರಡಕ್ಕೂ ಸಮಾನವಾಗಿ ಹೇಳಿರುವುದು ಸಂದಿಗಳಿಗೆ ನೀರು ತಡೆಯುವ ರಾಳ ಬಳಿದ ಸಂಗತಿ.

ಅದು ಎಷ್ಟು ಮುಖ್ಯವೆಂಬುದು ನಮ್ಮ ನೆರೆಯ ಕೇರಳದಲ್ಲಿ ತಿಳಿದುಬಂತು. ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ಇರ್ವಿಂಗ್ ಫಿಂಕೆಲ್ ಬ್ಯಾಬಿಲೋನಿನ ಹಳೆಯ ಮಣ್ಣಿನ ಫಲಕವೊಂದನ್ನು ಓದಿ, ಅಲ್ಲಿನ ಪ್ರಳಯದ ಕಥೆಯ ನಾವೆ ದುಂಡಗಿನ ಹರಿಗೋಲಿನಂತಿತ್ತೆಂದು 2014ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಆ ಅಳತೆಯನ್ನು ಬಹಳ ಇಳಿಸಿ, ಒಂದು ಸಾಕ್ಷ್ಯಚಿತ್ರಕ್ಕಾಗಿ ಕೇರಳದಲ್ಲಿ ಅಂಥ ದೋಣಿಯನ್ನು ಕಟ್ಟಿದರು. ಅದು ತೇಲಿತು. ಆದರೆ ಮೆಸೊಪೊಟೇಮಿಯದ ನೆಲದ ಡಾಂಬರಿನಷ್ಟು ಒಳ್ಳೆಯದು ಸಿಗದೆ ನೀರು ಒಳಗೆ ಜಿನುಗಿ, ಪಂಪು ಹಚ್ಚಿ ಹೊರಹಾಕಬೇಕಾಯಿತು. ಆಕಾರ ಪುಸ್ತಕದಿಂದ ಬಂತು, ಸಂದಿ ಮುಚ್ಚುವುದು ಅಷ್ಟು ಸುಲಭವಾಗಿ ಬರಲಿಲ್ಲ.

ಆ ತಾಯಿಯ ಬಳಿ ನೋಹನಷ್ಟು ಮರವೂ ಇರಲಿಲ್ಲ, ಸಮಯವೂ ಇರಲಿಲ್ಲ. ನದಿದಂಡೆಯ ಹುಲ್ಲಿನಲ್ಲಿ, ತನ್ನ ಕೈಗೆ ಸಿಕ್ಕಷ್ಟರಲ್ಲಿ, ಒಂದೇ ಜೀವಕ್ಕೆ ಸಾಕಾಗುವಷ್ಟು ಮಾಡಿದಳು. ನೈಲ್ ನದಿಯನ್ನು ಕುಗ್ಗಿಸಲು ಅವಳಿಂದ ಆಗುತ್ತಿರಲಿಲ್ಲ. ಸಂದಿಗಳನ್ನು ಮುಚ್ಚಲು ಆಗುತ್ತಿತ್ತು, ಮುಚ್ಚಿದಳು. ಆಮೇಲೆ ಬುಟ್ಟಿಗೆ ಹಗ್ಗ ಕಟ್ಟಿ ಎಳೆದುಕೊಳ್ಳಲಿಲ್ಲ. ಕೂಸಿನ ಅಕ್ಕ ದೂರದಲ್ಲಿ ನಿಂತು ಏನಾಗುವುದೋ ಎಂದು ನೋಡುತ್ತಿದ್ದಳು ಎನ್ನುತ್ತದೆ ವಿಮೋಚನಾಕಾಂಡ.

ತಂದೆತಾಯಿಯರೇ, ಸಂದಿ ಮುಚ್ಚುವುದು, ತಳಕ್ಕೆ ಹದವಾದ ಭಾರ ಇಡುವುದು, ಆಮೇಲೆ ಕೈಬಿಟ್ಟು ದಡದಲ್ಲಿ ಎಚ್ಚರವಾಗಿ ನಿಲ್ಲುವುದು: ನಮ್ಮ ಪಾಲಿನ ಕೆಲಸ ಇಷ್ಟು. ನಮ್ಮಂತೆ ಕಾಣುವ ಮಕ್ಕಳು ನಮಗೆ ಬೇಕೋ, ನೀರು ದಾಟಬಲ್ಲ ಮಕ್ಕಳು ಬೇಕೋ ಎಂದು ಈ ವಾರ ಮನೆಯಲ್ಲಿ ಒಮ್ಮೆ ಮಾತನಾಡಿಕೊಳ್ಳಿ.